ರೋಣದ ಟ್ರಂಕಿನ್ಯಾಗಿನ ಅಂಕಿ

ಆ ಧಣಿ ಸತ್ತ ಸುದ್ದಿ ಬಂದ ದಿವಸ ನಾನು ಒಂದು ರೊಟ್ಟಿ ಹೆಚ್ಚಿಗೆ ಉಂಡೆ. ಇದನ್ನ ಹೇಳಾಕ ನನಗೇನೂ ನಾಚಿಕಿ ಇಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರ ಮಂದಿ. ಹಂಗ ಅನ್ನವರು ಯಾರೂ ರೋಣದಾಗ ಆ ವಾಡೇದ ಕಟ್ಟಿ ಮ್ಯಾಲೆ ಐದು ಸಲ ಬಿಸಲಾಗ ಕುಂತು ಬಂದವರಲ್ಲ. ನಾ ಕುಂತೇನಿ. ನಾ ಕೇಳಿದ್ದು ಅವನ ಹೊಲ ಅಲ್ಲ, ಮನಿ ಅಲ್ಲ. ಅವನ ಮನ್ಯಾಗ ಒಂದು ಟ್ರಂಕಿತ್ತು, ಟ್ರಂಕಿನ್ಯಾಗ ಒಂದು ಪುಸ್ತಕ ಇತ್ತು, ಆ ಪುಸ್ತಕದಾಗಿನ ಒಂದು ಪುಟ ನನಗ ಬೇಕಾಗಿತ್ತು.

ಏಕೀಕರಣ ಆಗಿ ಒಂದು ವರ್ಷ ಆಗಿತ್ತು. ನಾನು ಗಜೇಂದ್ರಗಡದ ನೇಕಾರರ ಓಣಿ ಹುಡುಗ. ನಮ್ಮ ಮನ್ಯಾಗ ನೆಲಾ ತೋಡಿ ಇಳಿಸಿದ ಎರಡು ಕುಣಿ ಮಗ್ಗ ಇದ್ದವು. ಒಂದರಾಗ ಅಪ್ಪ ಕೂಡತಿದ್ದ, ಇನ್ನೊಂದನ್ನ ನನ್ನ ಸಲುವಾಗಿ ಖಾಲಿ ಇಟ್ಟಿದ್ದ. ನಾ ಹ್ಯಾಂಗೋ ಬಿ.ಎಸ್ಸಿ. ದಾಟಿ, ಧಾರವಾಡದ ಕಾಲೇಜಿನ್ಯಾಗ ಎಂ.ಎಸ್ಸಿ. ಪ್ರಬಂಧಕ್ಕ ಪ್ರಯೋಗ ನಡಸಿದ್ದೆ. ನನ್ನ ಸರ್ ಮಾತು ಕೊಟ್ಟಿದ್ರು, ಆ ವರ್ಷ ಪಾಸಾದ್ರ ಕಾಲೇಜಿನ ಪ್ರಯೋಗಶಾಲೆಯ ಡೆಮಾನ್ಸ್ಟ್ರೇಟರ್ ಜಾಗಾ ನಂದ ಅಂತ. ಅಪ್ಪನೂ ಒಂದು ಮಾತು ಕೊಟ್ಟಿದ್ದ. 'ಮಗನ, ಇದೊಂದು ವರ್ಷ. ಪಾಸಾಗಿ ನೌಕರಿ ಹಿಡದಿ, ಚಲೋ ಆತು. ಇಲ್ಲಂದ್ರ ಬಾಯಿ ಮುಚಗೊಂಡು ಬಂದು ಕುಣಿಗೆ ಇಳಿ' ಅಂದಿದ್ದ. ಅಪ್ಪನ ಮಾತು ಎರಡಾಗತಿರಲಿಲ್ಲ. ಹಂಗಾಗಿ ನನಗ ಇದ್ದದ್ದು ಒಂದ ವರ್ಷ.

ನನ್ನ ಪ್ರಯೋಗ ಏನು ಅನ್ನೂದನ್ನ ಸರಳ ಹೇಳತೇನಿ. ತಾಮ್ರದ ತಂತ್ಯಾಗ ಕರೆಂಟು ಸರಾಗ ಹರಿತೈತಿ, ಗಾಜಿನ್ಯಾಗ ಹರಿಯೂದಿಲ್ಲ. ಇವೆರಡರ ನಡುವ ಕೆಲವು ವಸ್ತು ಅದಾವು. ತಣ್ಣಗ ಇದ್ದಾಗ ಕರೆಂಟಿಗೆ ಅಡ್ಡ ನಿಲ್ಲತಾವು, ಕಾಸಿದ್ರ ದಾರಿ ಬಿಡತಾವು. ಇವಕ್ಕ ಅರೆವಾಹಕ ಅಂತಾರ. ಅಂಥಾದ್ದೊಂದು ಜರ್ಮೇನಿಯಮ್ ತುಂಡು, ಕಡ್ಲಿಬ್ಯಾಳಿಯಷ್ಟು, ನಮ್ಮ ಸರ್‌ಗೆ ಪರದೇಶದ ಗೆಳೆಯ ಒಬ್ಬ ಕಳಿಸಿದ್ದ. ಅದನ್ನ ಎಣ್ಣಿ ಪಾತ್ರ್ಯಾಗ ಇಳಿಬಿಟ್ಟು, ಎಣ್ಣಿ ಸಾವಕಾಶ ಕಾಸಗೋತ, ಎಷ್ಟು ಕಾವಿಗೆ ಎಷ್ಟು ಅಡ್ಡ ನಿಲ್ಲತೈತಿ ಅಂತ ಬರಕೊಳ್ಳೂದು ನನ್ನ ಕೆಲಸ. ಆರು ತಿಂಗಳು ಬರಕೊಂಡೆ. ನನ್ನ ಅಳತಿ ಖರೇನೋ ಸುಳ್ಳೋ ತಿಳಿಬೇಕಂದ್ರ, ಜಗತ್ತಿನ ದೊಡ್ಡ ಪ್ರಯೋಗಶಾಲೆಗಳು ಅಳದಿಟ್ಟ ಅಂಕಿಗಳ ತಖ್ತೆ, ಅಂದ್ರ ಕೋಷ್ಟಕ, ಬೇಕು. ಆ ತಖ್ತೆ ಇಲ್ಲದ ಪ್ರಬಂಧ ಉಪ್ಪಿಲ್ಲದ ಸಾರು, ಪರೀಕ್ಷಕ ಬಾಯಾಗ ಇಡೂದಿಲ್ಲ.

ಅಂಥಾ ತಖ್ತೆಗಳ ಪುಸ್ತಕ ನಮ್ಮ ಕಾಲೇಜಿನ ಗ್ರಂಥಾಲಯದಾಗ ಇತ್ತು. ಇತ್ತು ಅಂದ್ರ, ಪಟ್ಟಿಯೊಳಗ ಇತ್ತು. 'ಆಕರ ಗ್ರಂಥಗಳನ್ನು ಹೊರಗೆ ಕೊಡಲಾಗುವುದಿಲ್ಲ' ಅಂತ ಗೋಡಿಗೆ ಫಲಕ ಹಚ್ಚಿಸಿದ್ದ ಹಿರೇ ಪ್ರೊಫೆಸರನೇ ಎರಡು ವರ್ಷದ ಹಿಂದ ಅದನ್ನ ಮನಿಗೆ ಒಯ್ದಿದ್ದ. ಕೇಳಾಕ ಹೋದ್ರ, 'ನನ್ನ ಕೆಲಸ ಮುಗಿದಿಲ್ಲ' ಅಂದ. ಆ ಮನಷಾ ಹತ್ತು ವರ್ಷದಿಂದ ಒಂದು ಕೆಲಸಾನೂ ಮಾಡಿರಲಿಲ್ಲ. ಮುಂಬೈಗೆ ಎರಡು ಪತ್ರ ಬರದೆ, ಉತ್ತರ ಬರಲಿಲ್ಲ. ಆವಾಗ ನಮ್ಮ ಸರ್ ನೆನಪು ಮಾಡಕೊಂಡು ಹೇಳಿದ್ರು. ರೋಣದ ಒಬ್ಬ ಜಮೀನದಾರನ ತಮ್ಮ ಅವರ ಸಹಪಾಠಿ ಅಂತ. ಯುದ್ಧದ ಕಾಲಕ್ಕ ಅಂವ ಮಿಲಿಟರಿಯ ರೇಡಿಯೋ ಕಾರ್ಖಾನ್ಯಾಗ ಕೆಲಸ ಮಾಡಿ ಬಂದಿದ್ದ, ಬರೂವಾಗ ಅಂಥಾದ್ದ ಒಂದು ಪುಸ್ತಕ ತಂದಿದ್ದ. ಬಂದ ಎರಡು ವರ್ಷಕ್ಕ ವಿಷಮಜ್ವರ ಬಂದು ತೀರಿದ. 'ಅವನ ಪುಸ್ತಕ ಮನ್ಯಾಗ ಇರಬೇಕು. ರೋಣ ನಿಮ್ಮ ಕಡೆನ ಅಲ್ಲೇನು, ಹೋಗಿ ನೋಡು' ಅಂದ್ರು. ನಾ ಕುಣಕೋತ ಊರಿಗೆ ಬಂದೆ.

ಬ್ಯಾಸಗಿ ರಜಾ. ಗಜೇಂದ್ರಗಡದಿಂದ ರೋಣಕ್ಕ ಬಸ್ಸು. ಎರಿ ನೆಲದ ಧೂಳು ಮೂಗಿನ್ಯಾಗ, ಬಾಯಾಗ, ಅಂಗಿಯೊಳಗ. ಜಮೀನದಾರನ ವಾಡೇದ ಮುಂದ ಹೋಗಿ ನಿಂತಾಗ ಧಣಿ ಪಡಸಾಲ್ಯಾಗ ಲೋಡಿಗೆ ಒರಗಿ ಎಲಿ ಹಾಕತಿದ್ದ. ಐವತ್ತರ ಆಸುಪಾಸು, ದಪ್ಪ ಮೀಸಿ. ಬಂದವರನ್ನ ಕಣ್ಣೆತ್ತಿ ನೋಡಬೇಕಂದ್ರೂ ಲೆಕ್ಕ ಹಾಕಿ ನೋಡೂ ಜಾತಿ. ನಾ ಕಟ್ಟಿ ಕೆಳಗ ನಿಂತು ಎಲ್ಲಾ ಹೇಳಿದೆ. ಅಂವ ತಂಬಾಕ ತಿಕ್ಕಿ ಮುಗಿಸಿ ಕೇಳಿದ.

'ಯಾವೂರು?'

'ಗಜೇಂದ್ರಗಡ ರೀ.'

'ಯಾರ ಪೈಕಿ?'

ಹೇಳಿದೆ.

'ಹಾಂ, ಮಗ್ಗದವರ ಹುಡುಗ. ಸೀರಿ ನೇಯೂದು ಬಿಟ್ಟು ಏನೋ ಅಳಿಯಾಕ ಹೊಂಟಿ ಅಂದೆಲ್ಲ, ಏನದು?'

ಅರೆವಾಹಕ ಅಂದ್ರೇನು ಅಂತ ಬಿಡಿಸಿ ಹೇಳಿದೆ. ಅಂವ ಪಿಚಕಾರಿ ಹಾರಿಸಿ, 'ಒಮ್ಮೆ ಹರಿತೈತಿ, ಒಮ್ಮೆ ಹರಿಯೂದಿಲ್ಲ ಅಂದ್ರ ನಮ್ಮೂರ ಹಳ್ಳ ಇದ್ದಂಗಾತಲ್ಲೋ. ಅದನ್ನ ಅಳಿಯಾಕ ಧಾರವಾಡಕ್ಯಾಕ ಹೋದಿ?' ಅಂದ. ಸುತ್ತ ಕುಂತ ಆಳು ಮಂದಿ ನಕ್ಕರು. 'ನಮ್ಮ ಮನಿಗೆ ಇನ್ನೂ ಕರೆಂಟಿನ ತಂತಿ ಬಂದಿಲ್ಲ, ನೀವು ಅದು ಎಲ್ಲಿ ಹರಿತೈತಿ ಅಂತ ಪುಸ್ತಕ ಹುಡಕತೀರಿ. ನನ್ನ ತಮ್ಮನ ಟ್ರಂಕು ತಗಿಯೂದಿಲ್ಲ. ನಡಿ.'

ಇದು ಮೊದಲನೇ ಸಲ. ಎರಡನೇ ಸಲ ಹೋದಾಗ ಅಮಾಸಿ, ಟ್ರಂಕಿನ ಕೀಲಿ ಮುಟ್ಟೂದಿಲ್ಲ ಅಂದ್ರು. ಮೂರನೇ ಸಲ ಧಣಿ ಹೊಳೆಆಲೂರಿಗೆ ಯಾರನ್ನೋ ರೈಲಿಗೆ ಹತ್ತಸಾಕ ಹೋಗಿದ್ದ. ನಾಲ್ಕನೇ ಸಲ ಮನ್ಯಾಗ ಇದ್ದ, ಆದ್ರ ಮಲಗಿದ್ದ. ನಾ ಹನ್ನೊಂದಕ್ಕ ಕುಂತಾವ ನಾಲ್ಕಕ್ಕ ಎದ್ದೆ, ಅಂವ ಅಷ್ಟರಾಗ ಒಂದು ಸಲ ಎದ್ದು, ನನ್ನ ನೋಡಿ, ಮತ್ತ ಮಲಗಿದ್ದ. ನೀರು ಕೊಡ್ರಿ ಅಂತ ಕೇಳಿದ್ರ ಆಳು ಮಗ, 'ಬಾವಿ ಹಿತ್ತಲದಾಗ ಐತಿ' ಅಂದ. ತಮ್ಮ ಸತ್ತ ದುಃಖ ಇರಬಹುದು ಅಂತ ಅವ್ವ ನನಗ ಸಮಾಧಾನ ಹೇಳಿದ್ಲು. ಇರಬಹುದು. ನನಗ ಆವಾಗ ಕನಿಕರ ಬರಲಿಲ್ಲ, ಈಗೂ ಬರೂದಿಲ್ಲ. ದುಃಖ ಇದ್ದಾವ ಬಾಗಲಾ ಹಾಕ್ಕೊಂಡು ಅಳಬೇಕು, ಮಂದಿಯನ್ನ ಬಿಸಲಾಗ ಒಣಗಿಸಬಾರದು.

ಐದನೇ ಸಲ ಯಾಕೋ ಏನೋ, ಧಣಿ ಒಪ್ಪಿದ. ಬಹುಶಃ ನನ್ನ ಮಾರಿ ನೋಡಿ ನೋಡಿ ಬ್ಯಾಸರ ಆಗಿರಬೇಕು. ಆದ್ರ ಷರತ್ತು ಹಾಕಿದ. ನಾ ಪಡಸಾಲಿ ಹತ್ತಬಾರದು, ಪುಸ್ತಕ ಮುಟ್ಟಬಾರದು. ನನಗ ಬೇಕಾದ ಪುಟ ಯಾವುದು ಅಂತ ಕೆಳಗ ನಿಂತು ಹೇಳಬೇಕು, ಮನಿ ಕಾರಕೂನ ಅದನ್ನ ಕಾಗದದ ಮ್ಯಾಲೆ ಇಳಿಸಿ ಕೊಡತಾನ.

ಈ ಕಾರಕೂನ ನರಗುಂದದ ಕಡೆಯಾಂವ, ಅರವತ್ತು ದಾಟಿದ ಬ್ರಾಹ್ಮಣ. ಸಣಕಲ ದೇಹ, ಹಣಿ ಮ್ಯಾಲೆ ಅಕ್ಷತಿ, ಕಿವಿ ಸಂದ್ಯಾಗ ಲೇಖಣಿಕಿ. ಮೂವತ್ತು ವರ್ಷದಿಂದ ಆ ಮನಿಯ ಬರಾವು ಎಲ್ಲಾ ಅವನ ಕೈಯಾಗ. ನಾ ಹೋದ ಐದೂ ಸಲ ನನ್ನ ಕಡೆ ಒಂದು ಮನಷಾನ್ನ ನೋಡಿದಂಗ ನೋಡಿದಾಂವ ಆ ವಾಡೇದಾಗ ಅಂವ ಒಬ್ಬನ. ಇಂಗ್ಲಿಷ್ ಬರತಿರಲಿಲ್ಲ, ಇಂಗ್ಲಿಷ್ ಅಂಕಿ ಅಷ್ಟ ಬರತಿದ್ದವು. ಅಂವ ಪಡಸಾಲಿ ಅಂಚಿಗೆ ಕುಂತು ಒಂದೊಂದ ಪುಟ ತಿರವಿ ನನ್ನ ಕಡೆ ಎತ್ತಿ ಹಿಡಿಯೂದು, ನಾ ಕೆಳಗ ನಿಂತು ಕುತ್ತಿಗಿ ಚಾಚಿ ತಲಿಬರಹ ಓದಿ, 'ಇದಲ್ಲರೀ, ಮುಂದ' ಅನ್ನೂದು. ತಲಿಬರಹದ ದಪ್ಪ ಅಕ್ಷರ ಕಾಣತಿದ್ದವು, ಒಳಗಿನ ಸಣ್ಣ ಅಂಕಿ ಕಾಣತಿರಲಿಲ್ಲ. ಧಣಿ ಲೋಡಿಗೆ ಒರಗಿ ಈ ಆಟ ನೋಡಿ ನಗತಿದ್ದ. ಕಡೀಕ ಆ ಪುಟ ಬಂತು. 'ಇದ ರೀ' ಅಂದೆ.

ಬರಿಯಾಕ ಹಾಳಿ ನಾನ ತಂದಿದ್ದೆ, ಹತ್ತು ಹಾಳಿ. ಕಾರಕೂನ ಅವನ್ನ ಎಣಿಸಿ, ತನ್ನ ಪೆಟಗ್ಯಾಗಿಂದ ಒಂದು ಹಾಳಿ ತಗದು ಅವುಗಳ ಮ್ಯಾಲೆ ಇಟ್ಟ.

'ಹತ್ತು ಸಾಕ್ರಿ, ಅದೂ ಹೆಚ್ಚ ಆಕ್ಕಾವು' ಅಂದೆ.

'ಸಾಕಾಗೂ ಮಾತಲ್ಲ ತಮ್ಮಾ. ಕೆಲಸ ಸುರು ಮಾಡೋವಾಗ ಹತ್ತು ಇರಬಾರದು, ಹನ್ನೊಂದು ಇರಲಿ' ಅಂದ.

ನಮ್ಮ ಕಡೆ ಇದು ಹೊಸಾದೇನಲ್ಲ. ಮದವಿ ಮುಯ್ಯಿ ಯಾರೂ ಹತ್ತು ಹಾಕೂದಿಲ್ಲ, ಹನ್ನೊಂದು ಹಾಕತಾರ. ಐವತ್ತಕ್ಕ ಐವತ್ತೊಂದು, ನೂರಕ್ಕ ನೂರಾವೊಂದು. ಸೊನ್ನಿಗೆ ನಿಲ್ಲಸಿದ್ರ ಅಲ್ಲಿಗೇ ಮುಗಿತು ಅಂದಂಗ, ಒಂದು ಹಚ್ಚಿದ್ರ ಇನ್ನೂ ಬೆಳಿಲಿ ಅಂದಂಗ. ನಾ ಹುಟ್ಟಿದಾಗಿಂದ ನೋಡಿದ್ದ ಇದು. ಹಂಗಾಗಿ ಅದರ ಕಡೆ ನಾ ಲಕ್ಷ್ಯ ಕೊಡಲಿಲ್ಲ. ಆ ಹಾಳಿ ನೋಡಿದಾಗ ನನ್ನ ತಲ್ಯಾಗ ಒಂದು ಗಂಟಿ ಬಾರಿಸಬೇಕಾಗಿತ್ತು, ಬಾರಿಸಲಿಲ್ಲ.

ಅಂವ ಒಂದು ತಾಸು ಕುಂತು ಬರದ. ಎಂಥಾ ಅಕ್ಷರ ಅವು, ಒಂದೊಂದು ಅಂಕಿ ಜೋಳದ ಕಾಳು ಪೋಣಿಸಿದಂಗ. ಎಡಕ ಕಾವಿನ ಅಂಕಿ, ಬಲಕ ಅಡ್ಡ ನಿಲ್ಲೂ ಅಳತಿ, ನಡುವ ಕೆಂಪು ಶಾಯಿಯ ಗೆರಿ. ಇಂಗ್ಲಿಷ್ ಅಂಕಿ ಎಲ್ಲಾ ಕನ್ನಡ ಅಂಕಿ ಮಾಡಿದ್ದ. ಮುಗಿದ ಮ್ಯಾಲೆ ಹಾಳಿಯನ್ನ ಕಣ್ಣಿಗೆ ಒತ್ತಿಕೊಂಡು, ಪಡಸಾಲಿಯಿಂದ ಕೆಳಗ ಇಳಿದು ಬಂದು, ನನ್ನ ಕೈಯಾಗ ಕೊಟ್ಟ. 'ಚಲೋ ಓದು ತಮ್ಮಾ, ನಿನ್ನ ಕೆಲಸ ಮುಂದ ಹೋಗಲಿ' ಅಂದ. ಧಣಿ ಮ್ಯಾಲಿಂದ, 'ಹೋಗೋ ಹೋಗೋ, ಇನ್ನೊಮ್ಮೆ ಈ ಕಟ್ಟಿ ಹತ್ತಬ್ಯಾಡ' ಅಂದ.

ಧಾರವಾಡಕ್ಕ ಹೋಗಿ ಆ ಹಾಳಿ ಅಳತಿ ಬರದಿಟ್ಟ ನನ್ನ ವಹಿ ಮಗ್ಗಲಕ ಇಟ್ಟೆ. ಹೊಂದಲಿಲ್ಲ.

ಈ ತಖ್ತೆಗಳಾಗ ಕಾವು ಎಣಸೂದು ನಮ್ಮ ಜ್ವರದ ಕೊಳವಿಯಂಗ ಅಲ್ಲ. ಬರ್ಫ ಕರಗೂ ಕಾವಿಗೆ ೨೭೩ ಅಂತ ಹಿಡಿದು ಅಲ್ಲಿಂದ ಮುಂದ ಎಣಸತಾರ. ಹಂಗಾಗಿ ನಮ್ಮ ಬ್ಯಾಸಗಿ ಮುಂಜಾನಿ ಅಂದ್ರ ೩೦೦ರ ಹತ್ತರ. ಕಾರಕೂನ ಕೊಟ್ಟ ಹಾಳ್ಯಾಗ ಎಡಗಡೆ ೨೯೧, ೩೦೧, ೩೧೧ ಅಂತ ಇಳಕೋತ ಹೋಗಿದ್ದವು. ನನಗ ಒಂದು ಕ್ಷಣ ಅನಿಸಿತು, ಇದೇನಿದು, ಯಾರಾದ್ರೂ ೨೯೦, ೩೦೦ ಅಂತ ಸರಳ ಅಳಿಯೂದು ಬಿಟ್ಟು ಹಿಂಗ್ಯಾಕ ಅಳದಾರ ಅಂತ. ಆದ್ರ ನಾನೂ ಶಾಣ್ಯಾ ಅಲ್ಲೇನು. ಕಲತ ಮಂಗ್ಯಾಗ ಕಾರಣ ಹುಡುಕೂದು ಎಷ್ಟು ಹೊತ್ತು. ೨೯೧ ಅಂದ್ರ ಹದಿನೆಂಟು ಡಿಗ್ರಿ. ಹಳೇ ಕಾಲದ ಪ್ರಯೋಗಶಾಲೆಗಳಾಗ ಹದಿನೆಂಟು ಡಿಗ್ರಿಗೇ ಅಳಿಯೂ ರೂಢಿ ಇತ್ತು. ಅಲ್ಲಿಂದ ಹತ್ತತ್ತು ಏರಿಸಿದ್ರ ೩೦೧, ೩೧೧. ಬರೋಬ್ಬರಿ ಆತು. ನನ್ನ ಬೆನ್ನು ನಾನ ತಟ್ಟಿಕೊಂಡೆ.

ಹಂಗಾದ್ರ ನನ್ನ ಅಳತಿ ಯಾಕ ಹೊಂದೂದಿಲ್ಲ? ಜರ್ಮೇನಿಯಮ್ ಭಾಳ ನಾಜೂಕು. ಒಂದು ಡಿಗ್ರಿ ಕಾವು ಹೆಚ್ಚು ಕಡಿಮಿ ಆದ್ರ ಅದರ ಅಳತಿ ನೂರಕ್ಕ ನಾಲ್ಕೈದು ಪಾಲು ಜರಗತೈತಿ. ನನ್ನ ಅಂಕಿಗಳು ಎಲ್ಲಾ ಕಡೆನೂ ಸರಿಯಾಗಿ ಒಂದು ಡಿಗ್ರಿಯಷ್ಟು ತಪ್ಪತಿದ್ದವು. ಆರು ತಿಂಗಳ ಅಳತಿ, ಒಂದೊಂದನ್ನ ಮೂರು ಮೂರು ಸಲ ನೋಡಿ ಬರದದ್ದು. ತಲಿ ಮಸರ ಗಡಗಿ ಆತು. ಇನ್ನ ಎರಡು ವಾರದಾಗ ಪ್ರಬಂಧ ಕೊಡಬೇಕು, ಹಿಂದ ಅಪ್ಪನ ಖಾಲಿ ಮಗ್ಗ ಬಾಯಿ ತಕ್ಕೊಂಡು ಕುಂತೈತಿ. ಕುಣಿಲಾಕ ಬರದಾಕಿ ನೆಲಾ ಡೊಂಕು ಅಂದ್ಲಂತ. ನಾನೂ ಹಂಗ ಅಂದೆ. ನನ್ನ ಥರ್ಮಾಮೀಟರ್ ಒಂದು ಡಿಗ್ರಿ ಕಡಿಮಿ ತೋರಸತೈತಿ ಅಂತ ಪ್ರಬಂಧದಾಗ ಬರದೆ. ಅದನ್ನ ಬರ್ಫಿನ್ಯಾಗ ಇಟ್ಟು ನೋಡಬಹುದಾಗಿತ್ತು, ನೋಡಲಿಲ್ಲ. ನೋಡಿದ್ರ ಸರಿ ಐತಿ ಅಂತ ತೋರಿಸಿಬಿಟ್ಟೀತು ಅಂತ ಹೆದರಿದೆ. ನನ್ನ ವಹ್ಯಾಗಿನ ಪ್ರತಿಯೊಂದು ಕಾವಿನ ಅಂಕಿಗೂ ಒಂದು ಗೆರಿ ಎಳದು, ಅದರ ಮ್ಯಾಲೆ ಒಂದು ಕೂಡಿಸಿ ಬರದೆ. ಎಲ್ಲಾ ಹೊಂದಿಬಿಟ್ಟವು. ಅವತ್ತು ಸಂಜಿಗೆ ಖಾನಾವಳ್ಯಾಗ ಹೊಟ್ಟಿ ತುಂಬ ಉಂಡೆ.

ಮೌಖಿಕ ಪರೀಕ್ಷೆಗೆ ಪುಣೆಯಿಂದ ಪರೀಕ್ಷಕ ಬಂದಿದ್ದ. ಬೆಳ್ಳನ್ನ ಮನಷಾ, ಮೆತ್ತನ್ನ ದನಿ. ಮೆತ್ತನ್ನ ದನಿಯವರನ್ನ ನಾ ಆವಾಗಿಂದ ನಂಬೂದಿಲ್ಲ. ಪ್ರಬಂಧದ ಪುಟ ತಿರವಿ, ತಖ್ತೆಯ ಮ್ಯಾಲೆ ಬೆರಳಿಟ್ಟು, 'ಈ ಅಂಕಿ ಎಲ್ಲಿಯವು?' ಅಂದ. ಪುಸ್ತಕದ ಹೆಸರು ಹೇಳಿದೆ.

'ಆ ಪುಸ್ತಕ ನನ್ನ ಮೇಜಿನ ಮೇಲೆ ದಿನಾ ಇರುತ್ತದೆ. ಅದರಲ್ಲಿ ೨೯೦, ೩೦೦, ೩೧೦ ಇವೆ. ೩೦೧ ಎಲ್ಲಿಂದ ಬಂತು? ನೀವೇ ಕಣ್ಣಾರೆ ನೋಡಿ ಬರೆದುಕೊಂಡಿರಾ?'

ಹೂಂ ಅಂದೆ. ಹೂಂ ಅಂತ ಸುಳ್ಳ ಹೇಳಿದೆ.

ಅಂವ ಸಿಪಾಯಿಯನ್ನ ಕರದು ಪೇಟ್ಯಾಗಿನ ಸೋಡಾ ಅಂಗಡಿಯಿಂದ ಬರ್ಫ ತರಿಸಿದ. ನನ್ನ ಥರ್ಮಾಮೀಟರನ್ನ ಬರ್ಫಿನ ಪಾತ್ರ್ಯಾಗ ಇಟ್ಟು, ಕೈ ಕಟಗೊಂಡು ನಿಂತ. ಪಾದರಸ ಇಳಿತು, ಇಳಿತು, ಸೊನ್ನಿಗೆ ಬಂದು ನಿಂತು ಬಿಡ್ತು. ಕೂದಲೆಳಿಯಷ್ಟೂ ಆಕಡೆ ಈಕಡೆ ಇಲ್ಲ. ನಮ್ಮ ಸರ್ ಕಿಡಕಿ ಹೊರಗ ನೋಡಾಕ ಹತ್ತಿದ್ರು.

'ನೀವು ಮೊದಲು ಅಳೆದದ್ದು ಸರಿ ಇತ್ತು. ತಪ್ಪಿದ್ದರೆ ನಾನು ಪಾಸು ಮಾಡುತ್ತಿದ್ದೆ. ಸರಿ ಇದ್ದದ್ದನ್ನು ತಿದ್ದಿದ್ದೀರಿ' ಅಂದ. ಮುಂದಿನ ವರ್ಷ ಮತ್ತ ಪ್ರಬಂಧ ಕೊಡಬಹುದು ಅಂತ ಷರಾ ಬರದು ಹೋದ. ಡೆಮಾನ್ಸ್ಟ್ರೇಟರ್ ಜಾಗಾಕ್ಕ ಎಂಟು ದಿವಸದಾಗ ಬ್ಯಾರೆಯವ ಬಂದು ಕುಂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾ ಟ್ರಂಕು, ಹಾಸಗಿ ಕಟಗೊಂಡು ಊರಿಗೆ ಬಂದೆ. ಅಪ್ಪ ಏನೂ ಬೈಲಿಲ್ಲ. ಮರುದಿನ ಮುಂಜಾನೆ ಖಾಲಿ ಮಗ್ಗದ ಮ್ಯಾಲಿನ ಧೂಳು ಝಾಡಿಸಿ, ಹಾಸು ಹೂಡಿ ಕೊಟ್ಟ. ಬೈದಿದ್ರ ಚಲೋ ಇತ್ತು.

ಎರಡು ದಿವಸ ಮಗ್ಗದಾಗ ಕುಂತೆ. ಲಾಳಿ ಆಕಡಿಂದ ಈಕಡೆ ಹೋದಂಗ ಒಂದ ಮಾತು ತಲ್ಯಾಗ ಹೋಗಿ ಬರತಿತ್ತು. ಆ ಧಣಿ ಬೇಕಂತಲೇ ಮಾಡಿಸ್ಯಾನ. ಕಟ್ಟಿ ಮ್ಯಾಲೆ ಕುಂಡರಿಸಿ ಒಣಗಿಸಿದ್ದು ಸಾಲದಂತ ಸುಳ್ಳ ಅಂಕಿ ಕೊಟ್ಟು ನನ್ನ ಬಾಯಿಗೆ ಮಣ್ಣು ಹಾಕ್ಯಾನ. ಮಗ್ಗದವರ ಹುಡುಗ ಮ್ಯಾಲೆ ಬರಬಾರದು, ಅದ ಅವಗ ಬೇಕಾಗಿತ್ತು. ಮೂರನೇ ದಿವಸ ಲಾಳಿ ಅಲ್ಲೇ ಒಗದು ರೋಣದ ಬಸ್ ಹತ್ತಿದೆ. ಈ ಸಲ ಕಟ್ಟಿ ಕೆಳಗ ನಿಲ್ಲಲಿಲ್ಲ. ಸೀದಾ ಪಡಸಾಲಿ ಹತ್ತಿ, ಧಣಿ ಮುಂದ ಹಾಳಿ ಬೀಸಿ ಒಗದೆ.

'ಒಂದು ವರ್ಷ ಹಾಳ ಮಾಡಿದ್ರಿ ನಂದು. ಕೊಡೂ ಮನಸಿಲ್ಲದಿದ್ರ ಇಲ್ಲ ಅಂತ ಹೇಳಬೇಕಿತ್ತು. ಸುಳ್ಳ ಅಂಕಿ ಬರಸಿ ಕೊಟ್ರ್ಯಲ್ಲ, ನಿಮಗ ಏನ ಸಿಕ್ತು?'

ಧಣಿ ಎದ್ದು ನಿಂತ. ಹೊಡಿತಾನ ಅಂತ ಮಾಡಿದ್ದೆ. ಹೊಡಿಲಿಲ್ಲ. ಅವನ ಮಾರಿ ಕೆಂಪಾಗಿ, ಆಮ್ಯಾಲೆ ಬೆಳ್ಳಗಾತು. 'ನನ್ನ ತಮ್ಮನ ಪುಸ್ತಕದಾಗ ಸುಳ್ಳ ಇಲ್ಲ' ಅಂದ. ಕೀಲಿ ತರಿಸಿ, ತಾನ ಟ್ರಂಕು ತಗದು, ಪುಸ್ತಕ ತಂದು ನನ್ನ ಮುಂದ ಒಗದ. ನಾ ಅದನ್ನ ಮೊದಲನೇ ಸಲ ಮುಟ್ಟಿದ್ದು ಆವಾಗ. ಪುಟ ತಗದೆ. ೨೯೦, ೩೦೦, ೩೧೦. ಬಲಗಡೆನೂ ಎಲ್ಲೆಲ್ಲಿ ಅಂಕಿ ಸೊನ್ನಿಗೆ ನಿಂತಿತ್ತೋ, ನನ್ನ ಹಾಳ್ಯಾಗ ಅಲ್ಲೆಲ್ಲಾ ಒಂದು ಇತ್ತು. ಸೊನ್ನಿ ಇಲ್ಲದ ಕಡೆ ಒಂದು ಚುಕ್ಕಿಯೂ ತಪ್ಪಿರಲಿಲ್ಲ.

ಇಬ್ಬರೂ ಒಮ್ಮೆಗೇ ಕಾರಕೂನನ ಕಡೆ ತಿರಗಿದಿವಿ. ಅಂವ ತನ್ನ ಪೆಟಗಿ ಮುಂದ ಕುಂತಿದ್ದ. ಹೆದರಿಕಿ ಇರಲಿಲ್ಲ ಅವನ ಮಾರ್ಯಾಗ, ಏನ ತಪ್ಪಾಗ್ಯದ ಅಂತ ತಿಳಿಲಾರದ ಒಂಥರಾ ನೋಟ ಇತ್ತು.

'ಸೊನ್ನಿ ಭಾಳ ಇದ್ವು ತಮ್ಮಾ' ಅಂದ. 'ಸಾಲು ಸಾಲು ಸೊನ್ನಿ. ಓದೋ ಹುಡುಗನ ಕೈಯಾಗ ಅಷ್ಟು ಸೊನ್ನಿ ಹ್ಯಾಂಗ ಕೊಡಲಿ? ನಿಂಗ ಬರಕತ್ತಾಗಲಿ ಅಂತ ಒಂದೊಂದು ಹಚ್ಚಿದೆ. ಅದಕ್ಕ ಏನಾತು?'

ಅದಕ್ಕ ಏನಾತು. ನಾ ಒದರಿದೆ. ಏನಾತು ಅನ್ನೂದನ್ನ ಎಲ್ಲಾ ಒದರಿ ಹೇಳಿದೆ. ಬರ್ಫಿನ ಪಾತ್ರಿ, ಹೋದ ಜಾಗಾ, ಅಪ್ಪ ಹೂಡಿದ ಹಾಸು, ಒಂದೂ ಬಿಡಲಿಲ್ಲ. ನನ್ನ ಅಳತಿ ಸರಿ ಇದ್ವು, ನಿನ್ನ ಹಾಳಿ ನೋಡಿ ತಿದ್ದಿದೆ ಅಂದೆ. ಹಿರೇ ಮನಷಾಗ ಏಕವಚನದಾಗ ಅಂದೆ.

ಅಂವ ಎಲ್ಲಾ ಕೇಳಿ, ಸಾವಕಾಶ ಅಂದ. 'ನಾ ಇಂಗ್ಲಿಷ್ ಬರದಾಂವ, ತಮ್ಮಾ. ನಂಗ ಅದು ಏನಂತಲೇ ಗೊತ್ತಿಲ್ಲ. ನೀ ಆರು ತಿಂಗಳು ಕಣ್ಣಾರೆ ನೋಡಿ ಅಳದಿದ್ದಿ. ನಿಂದು ಬಿಟ್ಟು ನಂದ್ಯಾಕ ಖರೇ ಅಂತ ತಿಳದಿ?'

ಚೇಷ್ಟಾ ಮಾಡಿ ಅಂದಿದ್ದಲ್ಲ. ಅವಗ ಖರೇನ ತಿಳಿದಿರಲಿಲ್ಲ, ಅದಕ್ಕ ಕೇಳಿದ. ಉತ್ತರ ಇಲ್ಲದಾಗ ಮನಷಾ ಎರಡರಾಗ ಒಂದು ಮಾಡತಾನ. ತಲಿ ಬಾಗಸತಾನ, ಇಲ್ಲಾ ದನಿ ಏರಸತಾನ. ನಾ ದನಿ ಏರಿಸಿದೆ. ಧಣಿ ಕಡೆ ತಿರಗಿ, 'ನಿಮ್ಮ ತಮ್ಮ ತಂದ ಪುಸ್ತಕದ ಅಂಕಿ ತಿದ್ದ್ಯಾನ ಇಂವ. ನಾಳಿ ನಿಮ್ಮ ಮನಿ ಕಾಗದಾನೂ ತಿದ್ದತಾನ' ಅಂದೆ. ಎಲ್ಲಿ ಹೊಡದ್ರ ಹತ್ತತೈತಿ ಅಂತ ಗೊತ್ತಿತ್ತು, ಅಲ್ಲೇ ಹೊಡದೆ.

ಧಣಿ ಕಾರಕೂನನ ಪೆಟಗಿಯನ್ನ ಕಾಲಿಲೆ ದೂಡಿದ. ಶಾಯಿ ದೌತಿ ಉರುಳಿತು. 'ಎದ್ದೇಳ್ರಿ. ನನ್ನ ತಮ್ಮನ ಪುಸ್ತಕಕ್ಕ ಕೈ ಹಚ್ಚಿದಾವಗ ಈ ಮನ್ಯಾಗ ಕೆಲಸ ಇಲ್ಲ' ಅಂದ. ಮೂವತ್ತು ವರ್ಷ ಅಂದ್ರ ಮೂವತ್ತು ವರ್ಷ. ಮುದುಕ ಚೆಲ್ಲಿದ ಶಾಯಿಯನ್ನ ತನ್ನ ಧೋತರದ ಅಂಚಿಲೆ ಒರಸಾಕ ಹತ್ತಿದ. ನಾ ಒಂದು ಮಾತು ಅನ್ನಬಹುದಾಗಿತ್ತು. ಬಿಡ್ರಿ ಧಣ್ಯಾರ, ಹಿರೇರು, ತಿಳಿಲಾರದ ಮಾಡ್ಯಾರ ಅಂದಿದ್ರ ಸಾಕಿತ್ತು, ಧಣಿ ಆ ಮಾತು ಕಾಯತಿದ್ದ ಅಂತ ಈಗ ಅನಸತೈತಿ. ನಾ ಅನಲಿಲ್ಲ. 'ಪುಸ್ತಕ ಒಯ್ಯಲ್ಯಾ?' ಅಂತ ಕೇಳಿದೆ. ಧಣಿ ಕೈ ಬೀಸಿ ಒಯ್ಯಿ ಅಂದ.

ಬಸ್ಸಿನ್ಯಾಗ ನನ್ನ ಹಳೇ ವಹಿ ತಗದು, ಪುಸ್ತಕದ ಮಗ್ಗಲಕ ಇಟ್ಟು ನೋಡಿದೆ. ಗೆರಿ ಎಳದು ಹೊಡದ ಅಂಕಿಗಳನ್ನ ಓದಿದೆ. ಒಂದೊಂದೂ ಹೊಂದಿತು. ರೋಣದಿಂದ ಗಜೇಂದ್ರಗಡದ ತನಕ ಅದನ್ನ ನೋಡಕೋತ ಬಂದೆ. ಖುಷಿ ಆಗಬೇಕಾಗಿತ್ತು, ಆಗಲಿಲ್ಲ.

ಒಂದು ವರ್ಷ ಹಗಲೆಲ್ಲಾ ಮಗ್ಗದಾಗ ದುಡದೆ. ಅಪ್ಪನ ಕೈಯಾಗ ಬೈಸಿಕೊಂಡೆ, ಎಳಿ ತಪ್ಪಿದಾಗೆಲ್ಲಾ. 'ಒಂದ ಎಳಿ ಹೆಚ್ಚಾದ್ರೂ ಅಂಚು ಸೊಟ್ಟ ಆಕ್ಕೈತಿ, ಇಷ್ಟು ಓದಿದಾವಗ ಇದು ತಿಳಿಬಾರದೇನು' ಅನ್ನತಿದ್ದ. ಮುಂದಿನ ಸಲ ತಿದ್ದದ ಅಂಕಿ ಹಾಕಿ ಪ್ರಬಂಧ ಕೊಟ್ಟೆ, ಪಾಸಾದೆ. ಧಾರವಾಡದಾಗ ಜಾಗಾ ಇರಲಿಲ್ಲ, ಬ್ಯಾರೆ ಊರಿನ ಕಾಲೇಜಿನ್ಯಾಗ ಕೆಲಸ ಸಿಕ್ತು. ಧಣಿ ಪುಸ್ತಕ ತಿರುಗಿ ಕೇಳಲಿಲ್ಲ, ನಾನೂ ಕೊಡಲಿಲ್ಲ. ಈಗೂ ನನ್ನ ಕಡೆನ ಐತಿ. ಆ ಹಿರೇ ಪ್ರೊಫೆಸರನನ್ನ ಬಯ್ಯಾಕ ನನಗ ಹಕ್ಕಿಲ್ಲ ಅನ್ನೂದು ಗೊತ್ತೈತಿ, ಆದ್ರೂ ಬಯ್ಯತೇನಿ.

ನೌಕರಿ ಹಿಡದ ವರ್ಷ, ಮಳಿಗಾಲದಾಗ, ಕೊಣ್ಣೂರಿನ ಹೊಳಿ ಏರಿ ಬಸ್ಸು ಮುಂದ ಹೋಗೂದಿಲ್ಲ ಅಂತ ನರಗುಂದದಾಗ ನಮ್ಮನ್ನ ಇಳಿಸಿಬಿಟ್ರು. ಚಹಾ ಕುಡದು ಕಚೇರಿ ಕಡೆ ಅಡ್ಡಾಡಕೋತ ಹೋದೆ. ಕಚೇರಿ ಮುಂದಿನ ಕಟ್ಟಿ ಮ್ಯಾಲೆ, ಗೋಣಿ ತಟ್ಟು ಹಾಸಿಕೊಂಡು, ಮಂದಿಗೆ ಅರ್ಜಿ ಬರದು ಕೊಡಕೋತ ಕಾರಕೂನ ಕುಂತಿದ್ದ. ಮಗಳ ಮನ್ಯಾಗ ಇದ್ದೇನಿ ಅಂದ. ಇನ್ನಷ್ಟು ಸಣಕಲ ಆಗಿದ್ದ, ಕಿವಿ ಸಂದ್ಯಾಗ ಅದ ಲೇಖಣಿಕಿ. ನನ್ನ ಗುರತ ಹಿಡದು, ಅರ್ಜಿ ಬರಸಾಕ ಬಂದವನನ್ನ ತಡಿ ಅಂತ ನಿಲ್ಲಿಸಿ, ಬಾ ಕೂಡು ಅಂದ. ನಾ ಕೂಡಲಿಲ್ಲ. ಬಯ್ಯಲಿ, ಬೈದು ಮುಗಿಸಲಿ ಅಂತ ನಿಂತೆ. ಅಂವ ಬಯ್ಯಲಿಲ್ಲ.

'ಪಾಸಾದ್ಯಾ ತಮ್ಮಾ?' ಅಂತ ಕೇಳಿದ.

'ಆದೆ. ಮಾಸ್ತರಕಿ ಸಿಕ್ಕೈತಿ.'

ಅಂವ ಉಸರ ಬಿಟ್ಟ. 'ನಾ ಹಚ್ಚಿದ್ದ ಒಂದಕ್ಕ ನಿಂಗ ಕಾಯಂ ಕೇಡು ಆತೇನೋ ಅಂತ ಇಷ್ಟು ದಿನ ಮನಸಿನ್ಯಾಗ ಕೂತಿತ್ತು ನೋಡು. ಆಗಲಿಲ್ಲಲ್ಲ?'

'ಇಲ್ಲ' ಅಂದೆ.

'ಹಂಗಾರ ಆತು' ಅಂದು, ಲೇಖಣಿಕಿ ತಗದು ಅರ್ಜಿ ಕಡೆ ತಿರಗಿದ.

ಆ ಒಂದನ್ನ ಅಂವ ಒಬ್ಬನೇ ಹಚ್ಚಿರಲಿಲ್ಲ. ನನ್ನ ವಹಿ ತುಂಬ, ಪ್ರತಿಯೊಂದು ಅಂಕಿಗೂ, ನನ್ನ ಕೈಲೇ ನಾನೂ ಒಂದು ಹಚ್ಚಿದ್ದೆ. ಅಂವ ಹಚ್ಚಿದ್ದು ಹಾರೈಕಿ, ನಾ ಹಚ್ಚಿದ್ದು ಕಳವು. ಹಾರೈಕಿ ಹಚ್ಚಿದಾಂವ ಕಚೇರಿ ಕಟ್ಟಿಗೆ ಬಂದು ಕುಂತಿದ್ದ, ಕಳವು ಮಾಡಿದಾಂವ ಮಾಸ್ತರ ಆಗಿ ನಿಂತಿದ್ದೆ. ಇಷ್ಟನ್ನ ಅವನ ಮುಂದ ಹೇಳಬೇಕಂತ ಮಾತು ನಾಲಗಿ ತನಕ ಬಂದಿತ್ತು. ಅಷ್ಟರಾಗ ಹೊಳಿ ಇಳಿದೈತಂತ ಬಸ್ಸಿನವ ಕರದ. ನಾ ಹೋಗಿ ಕುಂತೆ.